ಹೆದಿಯಾಳ ಎಡಗಣ್ಣು

ಹತ್ತಿರ ಬಂದು ಕೂತ್ಕೊಳ್ಳಿ, ಬಾದಾಮಿ ಚಹಾ ಕುಡೀತಾ ಕೇಳಿ. ಗಾಬೆಸ್ ಊರಿನ ಖರ್ಜೂರದ ತೋಪಿನ ಹಿಂದಿರುವ ಕಣ್ಣಿನ ಆಪರೇಷನ್ನಿಗೆ ಚೀಟಿ ಕೊಡುವ ಕಚೇರಿಯಲ್ಲಿ ಯಾವ ಕೆಲಸವೂ ಎರಡು ಸಲ ನಡೆಯುವುದಿಲ್ಲ. ಅದು ಆದೇಶ.

ಆದೇಶ ಹುಟ್ಟಿದ ದಿನ ಅಲ್ಲಿ ಚಹಾ ಕೊಟ್ಟವಳು ನಾನೇ. ಕಂಪ್ಯೂಟರ್ ಕೆಲಸದ ಮೊಂಜಿ ನಿರ್ದೇಶಕ ಶಾದ್ಲಿಯವರನ್ನು ಕೇಳಿದ:

"ಸಾಹೇಬ್ರೇ, ಕಂಪ್ಯೂಟರಲ್ಲಿ ಚೀಟಿ ಬರೆಯೋ ಪುಟ ರೋಗಿಯ ಕಡತವನ್ನ ಹೊರಗಿಂದ ಕರೆಸ್ಕೋಬೇಕು. ಹೇಗೆ ಕರೆಸಲಿ? 'ಬಂದರೆ ಬರಲಿ' ಅಂದ್ರೆ, ಕಡತ ಸಿಗದಿದ್ರೂ ಪುಟ ಗೊಣಗಿಕೊಂಡು ಮುಂದಕ್ಕೆ ಹೋಗುತ್ತೆ. 'ಬರಲೇಬೇಕು' ಅಂದ್ರೆ, ಸಿಗದಿದ್ರೆ ಎಲ್ಲಾ ಅಲ್ಲೇ ನಿಲ್ಲುತ್ತೆ. ಜೊತೆಗೆ 'ಒಂದೇ ಸಲ' ಅಂತ ಸೇರಿಸಿದ್ರೆ, ಒಮ್ಮೆ ಬಂದ ಕಡತ ಮತ್ತೆ ಬರಲ್ಲ."

"ಎಲ್ಲಕ್ಕಿಂತ ಬಿಗಿ ಯಾವುದಯ್ಯಾ?"

"ಬರಲೇಬೇಕು, ಅದೂ ಒಂದೇ ಸಲ."

"ಅದನ್ನೇ ಹಾಕು. ಯಂತ್ರ ಹಗಲೂ ರಾತ್ರಿ ಆರಬಾರದು."

ನಮ್ಮ ಪಕ್ಕದ ಮನೆಯ ಹೆದಿಯಾಗೆ ಎರಡೂ ಕಣ್ಣಿಗೆ ಪೊರೆ. ಬಲಗಣ್ಣಿಗೆ ಚೀಟಿ ಸಿಕ್ಕಿತು, ಪೊರೆ ತೆಗೆದರು. ಎಡಗಣ್ಣಿಗೆ ಹೋದರೆ ಪರದೆಯ ಮೇಲೆ ಬಂತು: "ಹೆದಿಯಾ ಆಗಲೇ ಬಂದಾಗಿದೆ." ಈದ್ ಒಳಗೆ ಆಗದಿದ್ದರೆ ಆ ಕಣ್ಣು ಹೋದಂತೆಯೇ ಎಂದು ಡಾಕ್ಟರು ಹೇಳಿದ್ದರು.

"ಯಂತ್ರಾನ ಒಮ್ಮೆ ಆರಿಸಿ ಹಚ್ಚಿದ್ರೆ ಎಲ್ಲಾ ಮರೆಯುತ್ತೆ" ಅಂದ ಮೊಂಜಿ.

"ಕಚೇರಿ ಮರೆಯೋದಾ? ನಿನ್ನ ಕೆಲಸ ಹೋಗುತ್ತೆ, ನೋಡು!" ಅಂದರು ಶಾದ್ಲಿ.

ಹೆದಿಯಾ ಮೇಜು ಹಿಡಿದು ನಿಂತಳು. "ದೇವರು ನನಗೆ ಎರಡು ಕಣ್ಣು ಕೊಟ್ಟಿದ್ದಾನಲ್ಲಪ್ಪಾ!"

"ಕೊಡುವಾಗ ನಮ್ಮನ್ನೊಂದು ಮಾತು ಕೇಳಲಿಲ್ಲವಲ್ಲ, ತಾಯಿ."

ಸಮಿತಿ ಕೂತಿತು. ಹೆದಿಯಾಳ ಗಂಡ ಸಾಲಿಮನ ಕಡತ ಒಂದು ಸಲವೂ ಬಂದಿಲ್ಲವೆಂದು ತಿಳಿಯಿತು.

"ಅವನು ಸತ್ತು ಒಂಬತ್ತು ವರ್ಷ ಆಯ್ತು!" ಅಂದಳು ಹೆದಿಯಾ.

"ಕಡತ ಸತ್ತಿಲ್ಲ, ತಾಯಿ. 'ಬರಲೇಬೇಕು' ಅಂದ್ರೆ ಬರುತ್ತೆ."

ಬಂತು. ಬಾಗಿಲಿಗೆ ಪ್ರಕಟಣೆ ಅಂಟಿಸಿದರು: "ಶ್ರೀಮತಿ ಹೆದಿಯಾ ಅವರ ಎಡಗಣ್ಣನ್ನು ದಿವಂಗತ ಸಾಲಿಮ್ ಅವರ ಹೆಸರಿಗೆ ವರ್ಗಾಯಿಸಲಾಗಿದೆ. ಸದರಿ ಕಣ್ಣು ಇದ್ದಲ್ಲಿಯೇ ಇರತಕ್ಕದ್ದು."

ಈದ್‌ಗೆ ಎರಡು ದಿನ ಮುಂಚೆ ಪೊರೆ ತೆಗೆದರು.

ಆಮೇಲೆ ಏನಾಯಿತು ಅಂತೀರಾ? ಶಾದ್ಲಿಯವರು ಬಡ್ತಿ ಪಡೆದು ರಾಜಧಾನಿಗೆ ಹೋದರು. ಎರಡೂ ಕಣ್ಣಿಗೆ ಪೊರೆ ಬಂದವರಿಗೆ ಮನೆಯಲ್ಲಿ ಸತ್ತವರ ಹೆಸರು ಕೇಳುವ ಹೊಸ ಖಾನೆಯನ್ನು ಮೊಂಜಿ ಪುಟದಲ್ಲಿ ಸೇರಿಸಿದ. ಜನ ಅಜ್ಜ ಅಜ್ಜಿಯರ ಹೆಸರು ಬರೆದುಕೊಂಡು ಸಾಲಿನಲ್ಲಿ ನಿಲ್ಲುತ್ತಾರೆ. ಹೆದಿಯಾ ಈಗ ಸೂಜಿಗೆ ತಾನೇ ದಾರ ಪೋಣಿಸುತ್ತಾಳೆ. ಕಚೇರಿಯ ಪ್ರಕಾರ ಬಲಗಡೆಯಿಂದ ವಿಧವೆ, ಎಡಗಡೆಯಿಂದ ಗಂಡನುಳ್ಳವಳು. ಸಾಲಿಮನಿಗೆ ಮಾತ್ರ ಪತ್ರ ಬಂತು, ಕಣ್ಣಿನ ಕೆಲಸ ಚೆನ್ನಾಗಿ ಆಯಿತೆನ್ನುವ ತೃಪ್ತಿಪತ್ರಕ್ಕೆ ಖುದ್ದಾಗಿ ಬಂದು ಸಹಿ ಹಾಕಬೇಕಂತೆ. ಹೆದಿಯಾ ಬಲಗಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡು ಹೋದಳು.

ಕಾವಲುಗಾರ ಎದ್ದು ನಿಂತು ಕುರ್ಚಿ ಒರೆಸಿದ. "ಬನ್ನಿ ಸಾಲಿಮಣ್ಣ, ಅಪರೂಪ ಆಗಿಬಿಟ್ರಲ್ಲ."