ಪ್ರಭಾರ ರೋಗಿ

ನಮ್ಮ ಊರಿಗೆ ರೋಗಿಯ ಹುದ್ದೆಯೊಂದು ಮಂಜೂರಾಗಿದ್ದು, ಸದರಿ ಹುದ್ದೆಯಲ್ಲಿ ನಾನು ಕಳೆದ ವರ್ಷದಿಂದ ತೃಪ್ತಿಕರವಾಗಿ ಸೇವೆ ಸಲ್ಲಿಸುತ್ತಿದ್ದೇನೆ.

ಇದಕ್ಕೆಲ್ಲ ಕಾರಣ ಬ್ಯಾಗಕ್ಕ. ಸರ್ಕಾರದ ಅನುದಾನದಲ್ಲಿ ಔಷಧಿ ಬ್ಯಾಗು ಹೊತ್ತು, ಸ್ಕೂಟರ್ ಏರಿ ಮನೆಬಾಗಿಲಿಗೇ ಬಂದು ತುರ್ತು ಚಿಕಿತ್ಸೆ ಕೊಡುವವಳು. ಅಷ್ಟೇ ಮಾಡಿಕೊಂಡಿದ್ದರೆ ತಕರಾರಿರಲಿಲ್ಲ. ಈಕೆ ಬಿ.ಪಿ. ಏರುವ ಮುಂಚೆಯೇ ಬಂದು ತೋಳು ಹಿಡಿಯುತ್ತಿದ್ದಳು. ಆರು ತಿಂಗಳು ಊರಲ್ಲಿ ಒಬ್ಬನೂ ಕುಸಿದು ಬೀಳಲಿಲ್ಲ. ಕಚೇರಿಯಿಂದ ಪತ್ರ ಬಂತು: "ತುರ್ತು ಪ್ರಕರಣಗಳು ಶೂನ್ಯವಾಗಿರುವುದರಿಂದ ಸೇವೆಯನ್ನು ನಿಷ್ಪ್ರಯೋಜಕವೆಂದು ಪರಿಗಣಿಸಿ ಅನುದಾನ ನಿಲ್ಲಿಸಲಾಗುವುದು."

ಆಸ್ಪತ್ರೆ ಮೂರು ಗಂಟೆ ದಾರಿ. ಊರು ತಲೆ ಮೇಲೆ ಕೈ ಹೊತ್ತು ಕೂತಿತು. ನಾನು ಕೂರಲಿಲ್ಲ, ಬಿದ್ದೆ. ತಪಾಸಣೆಗೆ ಬಂದ ಸಾಹೇಬರ ಜೀಪಿನ ಮುಂದೆಯೇ, ದಡಕ್ಕನೆ. ಮೂರು ಪಲ್ಟಿ ಹೊಡೆದೆ ಅಂತ ಜನ ಹೇಳುತ್ತಾರೆ, ಎರಡೇ.

ಓಡಿಬಂದ ಬ್ಯಾಗಕ್ಕ ಕಿವಿಯಲ್ಲಿ, "ಅಣ್ಣಾ, ನಾಲಿಗೆ ಒಳಗೆ ಹಾಕು, ಅತಿಯಾಯ್ತು," ಅಂದಳು.

ಸಾಹೇಬರು ಗಡಿಯಾರ ನೋಡಿದರು. "ಒಂದು ಸಲ ಬಿದ್ದರೆ ಅದು ಆಕಸ್ಮಿಕ. ನಿಯಮದ ಪ್ರಕಾರ ತಿಂಗಳಿಗೊಮ್ಮೆಯಾದರೂ ಬೀಳಬೇಕು."

"ಬೀಳೋಣ ಸಾರ್, ಅದಕ್ಕೇನಂತೆ!" ಬಿದ್ದಲ್ಲಿಂದಲೇ ಅಂದೆ.

ಆದೇಶ ಹೊರಟಿತು. ಹುದ್ದೆ: ಹಂಗಾಮಿ ರೋಗಿ. ಅರ್ಹತೆ: ಉತ್ತಮ ಆರೋಗ್ಯ. ಕರ್ತವ್ಯ: ಪ್ರತಿ ತಿಂಗಳ ಮೊದಲ ಸೋಮವಾರ ಹತ್ತೂವರೆಗೆ ಸಾಹೇಬರ ಸಮಕ್ಷಮ ಕುಸಿಯುವುದು. ಒಮ್ಮೆಯೂ ತಡವಾಗಿ ಬಿದ್ದವನಲ್ಲ ನಾನು.

ಈ ಸೋಮವಾರ ಹತ್ತಕ್ಕೇ ಎದೆ ಹಿಡಿಯಿತು. ನಿಜಕ್ಕೂ. ಸಾಹೇಬರು, ಬ್ಯಾಗಕ್ಕ ಇಬ್ಬರೂ ಆಗಲೇ ನಮ್ಮ ಪಡಸಾಲೆಯಲ್ಲಿ ಕೂತಿದ್ದರು. ಸಾಹೇಬರು ಕೇಳಿದರು:

"ಇದು ಕರ್ತವ್ಯದ ಎದೆನೋವೋ, ಖಾಸಗಿ ಎದೆನೋವೋ?"

ಸುಳ್ಳು ಹೇಳುವಷ್ಟು ಉಸಿರಿರಲಿಲ್ಲ. "ಖಾಸಗಿ, ಸಾರ್."

"ಹಾಗಾದರೆ ಅನಾರೋಗ್ಯ ರಜೆ ಹಾಕಿ. ರಜೆಯಲ್ಲಿರುವ ರೋಗಿಗೆ ಚಿಕಿತ್ಸೆಗೆ ಅವಕಾಶವಿಲ್ಲ. ಹುದ್ದೆ ಖಾಲಿ ಬಿದ್ದರೆ ಅನುದಾನವೂ ಇಲ್ಲ."

ಬ್ಯಾಗಕ್ಕ ತೆರೆದ ಬ್ಯಾಗನ್ನು ಮತ್ತೆ ಮುಚ್ಚಬೇಕಾಯಿತು. ನನ್ನ ಹೆಂಡತಿ ಸೆರಗು ಬಿಗಿದಳು. "ರೀ, ನೋವು ಆಮೇಲೆ ಪಡಿ, ಮೊದಲು ನಂಗೆ ಚಾರ್ಜ್ ಕೊಡಿ!"

ಅವಳು ಸಹಿ ಹಾಕಿ, ಪ್ರಭಾರ ರೋಗಿಯಾಗಿ ನನ್ನ ಪಕ್ಕ ಮಲಗಿದಳು. ಬ್ಯಾಗಕ್ಕ ಬಿ.ಪಿ. ಪಟ್ಟಿ ಸುತ್ತಿದ್ದು ನನ್ನ ತೋಳಿಗೆ, ಮಾತ್ರೆ ಇಟ್ಟಿದ್ದು ನನ್ನ ನಾಲಿಗೆಯ ಕೆಳಗೆ, ದಾಖಲೆಯಲ್ಲಿ ಬರೆದದ್ದು ನನ್ನ ಹೆಂಡತಿಯ ಹೆಸರು.

ಸಾಹೇಬರು ಬಗ್ಗಿ ನನ್ನ ಹೆಂಡತಿಯನ್ನು ಕೇಳಿದರು: "ಈಗ ಹೇಗಿದೆ ತಾಯಿ?"

ಅವಳು ಹೊರಳಿ ನನ್ನ ಮುಖವನ್ನು ಚೆನ್ನಾಗಿ ನೋಡಿದಳು.

"ಬೆವರು ನಿಂತಿದೆ ಸಾರ್. ಬದುಕ್ಕೋತೀನಿ ಅನ್ಸತ್ತೆ."

ಸಾಹೇಬರು ಹಾಗೆಯೇ ಬರೆದುಕೊಂಡರು.