ಹದಿನಾಲ್ಕರ ಹುಡುಗಿಯರೂ ಒಂದು ಸೂಜಿಯೂ

ಗರ್ಭಕಂಠದ ಕ್ಯಾನ್ಸರ್ ಬಾರದ ಹಾಗೆ ಹದಿನಾಲ್ಕು ವರ್ಷದ ಹುಡುಗಿಯರಿಗೆ ಲಸಿಕೆ ಹಾಕೋ ನರ್ಸು ನಾನು. ಚುಚ್ಚೋಕೆ ಅರೆ ನಿಮಿಷ ಸಾಕು. ಆದರೆ ಆ ತೋಳು ನನ್ನ ಮುಂದೆ ಬರೋದರೊಳಗೆ ಮನೆಯೋರೆಲ್ಲ ಸೇರಿ ನನ್ನ ಪ್ರಾಣ ಹಿಂಡಿರ್ತಾರೆ. ನನ್ನನ್ನ ಯಾವ ತಾಲ್ಲೂಕಿಗೆ ಹಾಕಿದರೂ ಇದೇ ಕಥೆ.

ಶಿರಾದ ಅಪ್ಪ

ಶಿರಾದಲ್ಲಿ ಪಂಕ್ಚರ್ ಅಂಗಡಿಯವರೊಬ್ಬರು ಮಗಳನ್ನ ಪಕ್ಕದಲ್ಲಿ ಕೂರಿಸಿಕೊಂಡು ನಾನು ಹೇಳಿದ್ದನ್ನೆಲ್ಲ ಸಮಾಧಾನವಾಗಿ ಕೇಳಿದರು. ಕೊನೆಗೆ, ನಿಮ್ಮ ಮಗಳಿಗೆ ಹಾಕ್ಸಿದೀರಾ ಅಂದರು. ಮೊದಲು ಹಾಕ್ಸಿದ್ದೇ ಅವಳಿಗೆ ಅಂದೆ. ಎಲ್ಲಾ ಸಿಸ್ಟರ್‌ಗಳೂ ಹಂಗೇ ಹೇಳ್ತಾರೆ ಅಂತ ನಕ್ಕರು. ನನಗೂ ರೋಷ ಬಂತು. ಮಗಳಿಗೆ ವಿಡಿಯೋ ಕಾಲ್ ಮಾಡಿ ಫೋನ್ ಅವರ ಕೈಗೇ ಕೊಟ್ಟೆ.

ನನ್ನ ಮಗಳು ಅಮ್ಮನ ಮಾನ ಉಳಿಸೋ ಪೈಕಿ ಅಲ್ಲ. “ಸೂಜಿ ಏನೂ ಇಲ್ಲ ಅಂಕಲ್. ಕೈ ಸ್ವಲ್ಪ ನೋಯ್ತಿತ್ತು. ಆದ್ರೂ ನಮ್ಮಮ್ಮ ಅವತ್ತೇ ಪಾತ್ರೆ ತೊಳೆಸಿದ್ರು,” ಅಂತ ದೂರು ಹೇಳಿದಳು.

ಅವರು ಫೋನ್ ವಾಪಸ್ ಕೊಟ್ಟು ಒಪ್ಪಿಬಿಟ್ಟರು. ಅವರ ಮಗಳು ಮಾತ್ರ ಪಕ್ಕಾ ಜಾಣೆ. ಇವತ್ತು ಪಾತ್ರೆಯೆಲ್ಲ ಅಬ್ಬಾನೇ ತೊಳೀಬೇಕು ಅಂತ ನನ್ನೆದುರೇ ಮಾತು ತಗೊಂಡು, ಆಮೇಲೆ ತೋಳು ಕೊಟ್ಟಳು.

ಪಾವಗಡದ ಕೆಮ್ಮು

ಪಾವಗಡ ತಾಲ್ಲೂಕಿನ ರಾಯಚರ್ಲು ಕಡೆಯ ತಾಯಂದಿರಿಗೆ ಬೇರೆಯದೇ ಭಯ. ಕ್ಯಾನ್ಸರ್ ಸೂಜಿ ಹಾಕ್ಸಿದ್ರೆ ಹುಡುಗಿಗೇ ಏನೋ ಐತೆ ಅಂತ ಊರು ಮಾತಾಡುತ್ತೆ, ನಾಳೆ ಗಂಡು ಬರಲ್ಲ. ಒಬ್ಬೊಬ್ಬರೇ ನನ್ನನ್ನ ಪಕ್ಕಕ್ಕೆ ಕರೆದು, ಬೆಳಿಗ್ಗೆ ಯಾರೂ ಏಳೋಕೆ ಮುಂಚೆ ಬಂದುಬಿಡ್ತೀವಿ, ಯಾರಿಗೂ ಹೇಳಬೇಡಿ ಅಂದರು. ನಾನು ಯಾರಿಗೂ ಹೇಳಲಿಲ್ಲ.

ಬೆಳಿಗ್ಗೆ ಆಸ್ಪತ್ರೆಗೆ ಬಂದು ನೋಡಿದರೆ ಮೆಟ್ಟಿಲು ತುಂಬ ಸೆರಗು ಹೊದ್ದ ತಾಯಂದಿರು, ಪಕ್ಕದಲ್ಲಿ ನಿದ್ದೆಗಣ್ಣಿನ ಹುಡುಗಿಯರು. ಒಬ್ಬರನ್ನೊಬ್ಬರು ನೋಡಿ ಸೆರಗು ಇನ್ನಷ್ಟು ಮುಂದಕ್ಕೆ ಎಳಕೊಂಡರು. ಯಾಕೆ ಬಂದೆ ಅಂತ ಒಬ್ಬಳು ಕೇಳಿದಳು. ಮಗೀಗೆ ಕೆಮ್ಮು ಅಂದಳು ಇನ್ನೊಬ್ಬಳು. ಮೂರನೆಯವಳ ಮಗಳಿಗೂ ಕೆಮ್ಮೇ. ಅದನ್ನ ಕೇಳಿದ್ದೇ ತಡ, ಹುಡುಗಿಯರೆಲ್ಲ ಸಾಲಾಗಿ ಕೆಮ್ಮೋಕೆ ಶುರು ಮಾಡಿದರು. ಕೆಮ್ಮಿಗೆ ಅಂತ ಕ್ಯಾನ್ಸರ್ ಲಸಿಕೆ ಹಾಕಿದ ನರ್ಸು ಜಿಲ್ಲೇಲಿ ನಾನೊಬ್ಬಳೇ ಇರಬೇಕು.

ಪುರವರದ ಹತ್ತಿರದ ಅಜ್ಜಿ

ನಿಜ ಹೇಳ್ತೀನಿ, ಮಧುಗಿರಿ ತಾಲ್ಲೂಕಿನ ಪುರವರದ ಹತ್ತಿರ ಒಬ್ಬ ಅಜ್ಜಿ ನನ್ನ ನಿದ್ದೆ ಕೆಡಿಸಿದ್ದರು. ಅವರ ಮಗಳು ಇದೇ ಕಾಯಿಲೆಗೆ ಹೋಗಿದ್ದಳು. ಮೊಮ್ಮಗಳನ್ನ ಅಜ್ಜಿಯೇ ಸಾಕಿದ್ದರು. ಎಲ್ಲರಿಗಿಂತ ಮೊದಲು ಹಾಕಿಸಬೇಕಾದವರು, ಇರೋದೊಂದು ಮಗು, ಇದ್ಕೂ ಏನಾರ ಆದ್ರೆ ನಾನೇನ್ ಮಾಡ್ಲಿ ಅಂತ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ನಾನು ಹೋದಾಗಲೆಲ್ಲ ಕಾಫಿ ಕೊಟ್ಟು ಕಳಿಸೋರು. ಕೊನೆಗೆ, ಶಿವನ ಗುಡೀಲಿ ಹೂ ಕೇಳೋಣ, ಬಲಕ್ಕೆ ಬಿದ್ರೆ ಹಾಕು, ಎಡಕ್ಕೆ ಬಿದ್ರೆ ಬ್ಯಾಡ ಅಂದರು.

ಪೂಜೆಯ ಅಯ್ನೋರು ಮಂಗಳಾರತಿ ಮಾಡಿ ಪಕ್ಕಕ್ಕೆ ನಿಂತರು. ನಾನು ಕೈಮುಗಿದು ನಿಂತೆ. ಹೂ ಜಾರಿತು, ಎಡಕ್ಕೇ. ಅಜ್ಜಿ ಮೊಮ್ಮಗಳ ಕೈ ಹಿಡಿದು ಹೊರಟೇಬಿಟ್ಟರು. ಅಯ್ನೋರು ನನ್ನ ಕಡೆ ತಿರುಗಿ, ಯಾವ ತೋಳಿಗೆ ಹಾಕ್ತೀಯಮ್ಮ ಅಂತ ಕೇಳಿದರು. ಎಡಕ್ಕೆ ಅಂದೆ. ಅವರು ಅಜ್ಜಿಯನ್ನ ಕೂಗಿದರು.

“ಮತ್ತೆ? ಸ್ವಾಮೀನೂ ಅದನ್ನೇ ಹೇಳ್ತಾ ಅವ್ನೆ. ಎಡಗೈಗೆ ಹಾಕ್ಸು.”

ಅಜ್ಜಿ ನಿಂತು ಅವರ ಕಡೆ ತಿರುಗಿದರು. ಆಮೇಲೆ ಸೆರಗಲ್ಲಿ ಕಣ್ಣೊರೆಸಿಕೊಂಡು, “ನಡಿಯವ್ವ, ಹಾಕ್ಬುಡು. ಇವ್ರವ್ವನ ಕಾಲ್ದಾಗೆ ಇದು ಇದ್ದಿದ್ರೆ ಅವ್ಳೂ ಇರೋಳು,” ಅಂದರು.

ಆಸ್ಪತ್ರೇಲಿ ಸೂಜಿ ಹಾಕಿ, ಹುಡುಗಿಯನ್ನ ಅರ್ಧ ಗಂಟೆ ಬೆಂಚಿನ ಮೇಲೆ ಕೂರಿಸಿದೆ. ಅಯ್ನೋರೂ ಜೊತೆಗೆ ಬಂದು ಕೂತರು. ಹುಡುಗಿ ಬಿಸ್ಕತ್ತು ತಿನ್ನುತ್ತ ಚೆನ್ನಾಗೇ ಇದ್ದಳು. ನನಗಂತೂ ತಲೆ ಮೇಲಿನ ಬಂಡೆ ಇಳಿದಂಗಾಗಿತ್ತು. ಅಜ್ಜಿಗೂ ಜೀವ ನಿರಾಳವಾಗಿ ಬಾಯಿ ಬಂತು.

“ಅಲ್ಲ ಅಯ್ನೋರೆ, ಬಲಕ್ಕೆ ಬಿದ್ದಿದ್ರೆ ಏನಂತಿದ್ರಿ?”

“ಹಾಕ್ಸು ಅಂತಿದ್ದೆ.”

“ಹೂವೇ ಬೀಳ್ದೆ ಇದ್ದಿದ್ರೆ?”

“ಯಾವ ತೋಳಾದ್ರೂ ಆಯ್ತದೆ ಅಂತಿದ್ದೆ ಕಣವ್ವ.”