ಐದನೇ ಮಡಿಕೆ

ಮರಾಠಿ ಸೀಮೆಯ ರಾಮದಾಸಪೇಠದ ಆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಪ್ರಿಂಟರ್ ನಿಂತರೆ ಎಲ್ಲರೂ ಕೂಗುವುದು ಒಂದೇ ಹೆಸರು, ಗುರುಪಾದಪ್ಪ. ಅವನು ಬಂದು ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಳ್ಳುತ್ತಾನೆ. ಎರಡು ನಿಮಿಷಕ್ಕೆ ರಿಪೋರ್ಟು ಬರತೊಡಗುತ್ತವೆ. ಒಳಗೇನು ಮಾಡುತ್ತಾನೆಂದು ಒಂಬತ್ತು ವರ್ಷದಿಂದ ಯಾರಿಗೂ ಹೇಳಿಲ್ಲ. ಹೇಳಿಬಿಟ್ಟರೆ ಆಮೇಲೆ ತನ್ನನ್ನು ಯಾರು ಕೇಳುತ್ತಾರೆ ಅಂತ ಮಹಾರಾಯನಿಗೆ ಭಯ.

ಈ ಭಯದಿಂದಾಗಿ ಶಾಲೆಯ ವಾರ್ಷಿಕೋತ್ಸವದಲ್ಲಿ ಮಗಳು ಕೃತಿಯ ಹಾಡು ಕೇಳುವುದು ಅವನಿಗೆ ಮೂರು ವರ್ಷ ತಪ್ಪಿತ್ತು. ಇವತ್ತು ನಾಲ್ಕು ಗಂಟೆಗೆ ಕಾಮಠಿಯ ಶಾಲೆಯಲ್ಲಿ ಮತ್ತೆ ಅವಳ ಹಾಡು. "ಈ ಸಲಾನೂ ಪ್ರಿಂಟರ್ ಏನು ಪಪ್ಪಾ?" ಎಂದು ಬೆಳಿಗ್ಗೆ ಕೇಳಿದ್ದಳು. 

ಎರಡೂವರೆಗೆ ಚೀಲ ಹೆಗಲಿಗೇರಿಸಿದ. ಪ್ರಿಂಟರ್ ನಿಂತಿತು. ಸರಿಮಾಡಿ ಮೆಟ್ಟಿಲಿಳಿದ, ಮತ್ತೆ ನಿಂತಿತು. ಮೂರನೇ ಸಲ ಗೇಟು ದಾಟುವಾಗ ಕೌಂಟರಿನ ಚಿದಂಬರ ಕೂಗಿದ, "ಅಣ್ಣಾ, ಜಲ್ದಿ ಬರ್ರಿ, ಪೇಶಂಟ್ ಮಂದಿ ಜಗಳಾ ತಗದಾರ."

ಗುರುಪಾದಪ್ಪ ಸೋತ. ಟೆಕ್ನಿಶಿಯನ್ ನೇತ್ರಾಳನ್ನು ಒಳಗೆ ಕರೆದು ಬಾಗಿಲು ಹಾಕಿದ. "ತಂಗಿ, ಯಾರಿಗೂ ಹೇಳಬ್ಯಾಡ. ಹಳೇ ಬಸ್ ಟಿಕೀಟು ನಾಕು ಮಡಿಕಿ ಮಾಡಿ ಕಾಗದ ಎಳಿಯೋ ಈ ಎಡಗಡೆ ಗಾಲಿ ಕೆಳಗ ಇಡೋದು, ಅಷ್ಟ."

ನೇತ್ರಾ ಗಾಲಿಯ ಕೆಳಗಿನ ಟಿಕೀಟು ತೆಗೆದು ಇನ್ನೊಮ್ಮೆ ಮಡಿಸಿ ಇಟ್ಟಳು. ಪ್ರಿಂಟರ್ ಓಡಿತು. "ಈಗ ಐದು ಬೇಕ್ರಿ. ಗಾಲಿ ಸವದೈತಿ."

"ನಿನಗ ಹೆಂಗ ಗೊತ್ತು?"

"ಎಲ್ಲಾರಿಗೂ ಗೊತ್ತೈತ್ರಿ ಅಣ್ಣ. ನೀವು ಜ್ವರ ಬಂದು ಮಲಗಿದಾಗ ಕಲತ್ವಿ. ಬರತೈತಿ ಅಂದ್ರ ನಮ್ಮ ತಲಿಗೇ ಕಟ್ತಾರಂತ ಸುಮ್ಮನಿದ್ವಿ." ಅವನ ಮುಖ ನೋಡಿ ಅವಳಿಗೇ ಕೆಡುಕೆನಿಸಿತು. "ತಪ್ಪಾತ್ರಿ. ಇನ್ಮ್ಯಾಲೆ ನಾ ನೋಡ್ಕೋತೀನಿ, ನೀವು ಹೋಗ್ರಿ."

ಬಸ್ಸಿನಲ್ಲಿ ಅವನಿಗೆ ಸಿಟ್ಟೂ ಬಂತು, ನಗುವೂ ಬಂತು. ಶಾಲೆ ಮುಟ್ಟಿದಾಗ ನಾಲ್ಕಕ್ಕೆ ಇನ್ನೂ ಐದು ನಿಮಿಷ. ಗೇಟಿನಲ್ಲೇ ಕೃತಿ ಓಡಿಬಂದು ಅಪ್ಪಿಕೊಂಡಳು. ಹಿಂದೆಯೇ ಅವಳ ಟೀಚರ್ ಯಶಸ್ವಿನಿ. ಶಾಲೆಯ ಪ್ರಿಂಟರ್ ಕೈಕೊಟ್ಟು ಮಕ್ಕಳ ಸರ್ಟಿಫಿಕೇಟು ಅರ್ಧಕ್ಕೇ ನಿಂತಿವೆಯಂತೆ. ಪ್ರಿಂಟರ್ ವಿದ್ಯೆ ನಮ್ಮ ಪಪ್ಪನಿಗೆ ಮಾತ್ರ ಬರುತ್ತದೆ ಎಂದು ಕೃತಿ ಹೆಮ್ಮೆಯಿಂದ ಹೇಳಿಬಿಟ್ಟಿದ್ದಳು.

ಶಾಲೆಯ ಆಫೀಸಿನಲ್ಲಿ ಅಂಥದ್ದೇ ಪ್ರಿಂಟರ್, ಅದೇ ಎಡಗಡೆಯ ಗಾಲಿ. ಗುರುಪಾದಪ್ಪ ಈ ಸಲ ಬಾಗಿಲು ಹಾಕಲಿಲ್ಲ. "ಬನ್ನಿ ಮ್ಯಾಡಮ್, ನೀವೂ ಕಲಿತುಬಿಡಿ, ಭಾಳ ಸುಲಭ" ಎಂದು ಮರಾಠಿಯಲ್ಲಿ ಕರೆದ.

ಯಶಸ್ವಿನಿ ಎರಡು ಹೆಜ್ಜೆ ಹಿಂದೆ ಸರಿದಳು. "ನಕೋ ಭಾವು, ಬೇಡ ಅಣ್ಣ. ಕಲಿತರೆ ಪ್ರತಿ ವರ್ಷ ನನ್ನ ತಲೆಗೇ ಕಟ್ಟುತ್ತಾರೆ" ಎಂದು ಸಭಾಂಗಣಕ್ಕೆ ನಡೆದೇಬಿಟ್ಟಳು.

ತೆರೆದ ಬಾಗಿಲಿನಿಂದ ಕೃತಿಯ ಹಾಡು ಕೇಳತೊಡಗಿತು. ಕಣ್ಣಿಗೆ ಬೀಳದಿದ್ದರೂ ಈ ವರ್ಷ ಕಿವಿಗಾದರೂ ಬಿತ್ತಲ್ಲ ಎಂದುಕೊಳ್ಳುತ್ತ, ಗುರುಪಾದಪ್ಪ ಕಾಮಠಿ ಬಸ್ಸಿನ ಟಿಕೀಟು ತೆಗೆದು, ಅವಳ ತಾಳಕ್ಕೆ ಸರಿಯಾಗಿ ಐದು ಸಲ ಮಡಿಸಿದ.